ಕೂಸಿನ ಜೊತೆ ನಾಲ್ಕು ಮಾತು

ಮೇಷ್ಟ್ರ ಕೆಲಸಕ್ಕೆ ಸೇರಿದವನ ಅರ್ಧ ಆಯಸ್ಸು ಪಟ್ಟಿ ಮಾಡುವುದರಲ್ಲೇ ಕಳೆಯುತ್ತದೆ. ಮತದಾರರ ಪಟ್ಟಿ, ದನಕರುಗಳ ಪಟ್ಟಿ, ಶಾಲೆ ಬಿಟ್ಟ ಮಕ್ಕಳ ಪಟ್ಟಿ, ಹತ್ತು ವರ್ಷಕ್ಕೊಮ್ಮೆ ಜನಗಣತಿ. ನಾನು ಇವನ್ನೆಲ್ಲ ಎಲ್ಲರಿಗಿಂತ ಮೊದಲು ಮುಗಿಸಿ ಮೂಡಿಗೆರೆಗೆ ಒಯ್ದು ಕೊಡುತ್ತಿದ್ದೆ, ಶಹಭಾಸ್ ಅನ್ನಿಸಿಕೊಳ್ಳುತ್ತಿದ್ದೆ. ಹಾಗೆ ಬೀಗುತ್ತಿದ್ದವನ ಜಂಭ ಇಳಿಸಿದವರು ಸಹಿ ಹಾಕಲೂ ಬಾರದ ಒಬ್ಬ ಹೆಂಗಸು. ಕಳೆದ ತಿಂಗಳು ಸಂಸೆಯಲ್ಲಿ ಬಸ್ಸಿಗೆ ಕಾಯುತ್ತಿದ್ದಾಗ ಜೀಪಿನ ಡ್ರೈವರೊಬ್ಬ ನನ್ನ ಗುರುತು ಹಿಡಿದು ಹತ್ತಿರ ಬಂದ. ಆಯಮ್ಮ ಹೋಗಿಬಿಟ್ಟರು ಅಂದ. ಆಮೇಲೆ, "ನಂಗೆ ಅನ್ನ ತಿನ್ನಿಸಿದ್ದು ಕೊಂಕಣೀಲಿ ಸಾರ್" ಅಂದ. ಬೇರೆಯವರಿಗೆ ಇದು ಅರ್ಥವಿಲ್ಲದ ಮಾತಾಗಿ ಕೇಳಬಹುದು. ನಾನು ಮಾತ್ರ ಬಂದ ಬಸ್ಸನ್ನು ಬಿಟ್ಟು ಅವನ ಹತ್ತಿರ ಕೂತೆ.

ಅವರಿಗೆ ಹೆಸರೊಂದಿತ್ತು. ನನ್ನ ಕೈಯಾರೆ ಅದನ್ನು ಸರ್ಕಾರಿ ಕಾಗದದಲ್ಲಿ ಬರೆದಿದ್ದೇನೆ. ಆದರೆ ಯಾರೂ ಆ ಹೆಸರಿನಿಂದ ಕರೆದದ್ದನ್ನು ಕೇಳಿಲ್ಲವಾದ್ದರಿಂದ ಇಲ್ಲಿಯೂ ಆಯಮ್ಮ ಅಂತಲೇ ಇರಲಿ. ತೊಂಬತ್ತರ ದಶಕದ ನಡುವೆ ನನ್ನನ್ನು ಹಾಕಿದ್ದ ಶಾಲೆ ಬಣಕಲ್ಲಿನಿಂದ ಒಳಗೆ, ಒಂದು ಕಾಫಿ ಎಸ್ಟೇಟಿನ ಅಂಚಿನಲ್ಲಿತ್ತು. ಒಂದೇ ಕೋಣೆ, ನಾಲ್ಕು ತರಗತಿ. ಗೋಡೆಯ ಆಚೆ ಬದಿಗೆ ಎಸ್ಟೇಟಿನವರ ಕೂಸಿನ ಮನೆ. ತಾಯಂದಿರು ಬೆಳಿಗ್ಗೆ ತೋಟಕ್ಕೆ ಹೋಗುವಾಗ ಮಕ್ಕಳನ್ನು ಅಲ್ಲಿ ಬಿಟ್ಟು, ಸಂಜೆ ಕೆಲಸ ಬಿಟ್ಟ ಮೇಲೆ ಕರೆದುಕೊಂಡು ಹೋಗುತ್ತಿದ್ದರು. ಆಯಮ್ಮ ಆ ಮನೆಯ ಒಡತಿ, ಅಡಿಗೆಯವರು, ದಾದಿ, ಎಲ್ಲವೂ. ಕುಳ್ಳಗೆ, ಗಟ್ಟಿಮುಟ್ಟಾಗಿ, ಹೆಗಲ ಮೇಲೆ ಯಾವಾಗಲೂ ಒಂದು ಒದ್ದೆ ಟವೆಲ್ಲು. ಯಾರಾದರೂ ಮಾತಾಡುತ್ತಿದ್ದರೆ ಅವರ ಕಣ್ಣು ನೋಡದೆ ಬಾಯಿ ನೋಡುತ್ತಿದ್ದರು. ಮೊದಲ ದಿನ ನನ್ನ ಹಲ್ಲಿನಲ್ಲಿ ಏನೋ ಸಿಕ್ಕಿಕೊಂಡಿದೆ ಅಂದುಕೊಂಡು ಬಾಯಿ ಮುಕ್ಕಳಿಸಿ ಬಂದಿದ್ದೆ.

ಹೊಸ ಕೂಸನ್ನು ಸೇರಿಸಿಕೊಳ್ಳುವುದಕ್ಕೆ ಅವರದೊಂದು ಪದ್ಧತಿ ಇತ್ತು. ಹಾಲಿನ ಬಾಟ್ಲಿ, ಬಟ್ಟೆಗಂಟು ಒಳಗಿಟ್ಟ ಮೇಲೂ ತಾಯಿಯನ್ನು ಹೋಗಗೊಡುತ್ತಿರಲಿಲ್ಲ. ಅವಳನ್ನು ಜಗಲಿಯ ಮೇಲೆ ಕೂರಿಸಿ ನಾಲ್ಕು ಮಾತು ಇಸಿದುಕೊಳ್ಳುತ್ತಿದ್ದರು. ನಿಮ್ಮ ಮನೆಯಲ್ಲಿ ನೀರಿಗೆ ಏನಂತೀರಿ, ಹಸಿವಿಗೆ ಏನಂತೀರಿ, ನೋವಿಗೆ ಏನಂತೀರಿ, ಅವ್ವ ಬರ್ತಾಳೆ ಅನ್ನುವುದಕ್ಕೆ ಏನಂತೀರಿ. ತಾಯಿ ಹೇಳಿದ್ದನ್ನು ಶಬ್ದ ಹೊರಡಿಸದೆ ತುಟಿಯಲ್ಲೇ ಎರಡು ಸಲ ಆಡಿ, ಆಮೇಲೆ ಗಟ್ಟಿಯಾಗಿ ಹೇಳಿ ಒಪ್ಪಿಸುತ್ತಿದ್ದರು. ಸರಿ ಇದೆ ಅಂತ ತಾಯಿ ತಲೆಯಾಡಿಸಿದ ಮೇಲೇ ಕೂಸು ಅವರ ಕಂಕುಳಿಗೆ ಬರುತ್ತಿತ್ತು. ಆ ತೋಟದ ಲೈನಿನಲ್ಲಿ, ಅಂದರೆ ಕೆಲಸದವರ ಸಾಲುಮನೆಗಳಲ್ಲಿ, ಎಷ್ಟು ಕಡೆಯ ಜನ ಇದ್ದರೋ ಅಷ್ಟೂ ಭಾಷೆ ಆಯಮ್ಮನ ಬಾಯಲ್ಲಿತ್ತು. ತುಳು, ತಮಿಳು, ಮಲಯಾಳ, ಕೊಂಕಣಿ, ಬ್ಯಾರಿ, ಲಂಬಾಣಿ. ನಾಲ್ಕು ಮಾತಿನಿಂದ ಹೊರಟು ಎಲ್ಲಿಗೆ ಹೋಗಿ ಮುಟ್ಟುತ್ತಿದ್ದರು ಎಂಬುದನ್ನು ಗೋಡೆಯ ಈಚೆಗೆ ಕೂತು ಕೇಳಿದ್ದೇನೆ. ನಾನು ಈ ಕಡೆ ಮಗ್ಗಿ ಹೇಳಿಸುತ್ತಿದ್ದರೆ ಆ ಕಡೆ ಅವರು ಒಂದೇ ಪಂಕ್ತಿಯಲ್ಲಿ ಐದಾರು ಭಾಷೆಯಲ್ಲಿ ಅನ್ನ ಬಡಿಸುತ್ತಿದ್ದರು. ಒಂದು ಕೂಸಿನ ಮಾತು ಇನ್ನೊಂದಕ್ಕೆ ಹೋದದ್ದು ನಾನು ಕೇಳಿಲ್ಲ.

ನಿಜ ಹೇಳಬೇಕೆಂದರೆ ಮೊದಮೊದಲು ನನಗೆ ಇದು ಕಿರಿಕಿರಿಯಾಗಿತ್ತು. ಈ ಮಕ್ಕಳೆಲ್ಲ ನಾಳೆ ನನ್ನ ಒಂದನೇ ತರಗತಿಗೆ ಬರುವವರು. ಅಲ್ಲಿಂದಲೇ ಕನ್ನಡ ಕಲಿಸಿ ಕಳಿಸಿದರೆ ನನ್ನ ಕೆಲಸ ಹಗುರಾಗುತ್ತದಲ್ಲ ಅಂತ ಅವರಿಗೆ ಉಪದೇಶ ಮಾಡಿದ್ದೆ. ಅವರು ಜಗಳಕ್ಕೆ ಬರಲಿಲ್ಲ. ಮೇಷ್ಟ್ರೇ, ನಿಮಗೆ ಹೊಟ್ಟೆನೋವು ಬಂದಾಗ ಯಾವುದರಲ್ಲಿ ನರಳ್ತೀರಿ ಅಂತ ಕೇಳಿ, ನನ್ನ ಉತ್ತರಕ್ಕೂ ಕಾಯದೆ ಒಳಗೆ ಹೋದರು.

ಅವರು ನನ್ನನ್ನು ನಿಜವಾಗಿ ಹಿಡಿದದ್ದು ಎರಡು ಸಾವಿರದ ಒಂದರ ಜನಗಣತಿಯಲ್ಲಿ. ಮನೆಮನೆಗೆ ಹೋಗಬೇಕೆಂಬ ನಿಯಮ ಗೊತ್ತಿದ್ದೂ ನಾನು ಎಸ್ಟೇಟ್ ಆಫೀಸಿನಲ್ಲಿ ಕಾಫಿ ಕುಡಿಯುತ್ತ ಕೂತಿದ್ದೆ. ಅಲ್ಲಿನ ಗುಮಾಸ್ತರನ್ನು ರೈಟರ್ ಅನ್ನುತ್ತಾರೆ. ರೈಟರು ಹಾಜರಿ ಪುಸ್ತಕ ಓದುತ್ತಿದ್ದರು, ನಾನು ಬರೆಯುತ್ತಿದ್ದೆ. ಮಾತೃಭಾಷೆಯ ಕಾಲಂ ಬಂದಾಗ ಮೇಲಿನಿಂದ ಕೆಳಗಿನವರೆಗೆ ಕನ್ನಡ, ಕನ್ನಡ, ಕನ್ನಡ. ಗೊತ್ತಿರುವ ಇತರ ಭಾಷೆಗಳ ಜಾಗ ಖಾಲಿ. ರೈಟರು ಮಾತ್ರ ತನಗೂ ತನ್ನ ಹೆಂಡತಿಗೂ ಇಂಗ್ಲಿಷ್ ಬರುತ್ತದೆಂದು ಬರೆಸಿಕೊಂಡರು. ಅವರ ಹೆಂಡತಿಗೆ ಇಂಗ್ಲಿಷ್ ಬರುತ್ತದೆಂಬ ಸಂಗತಿ ಆಕೆಗೂ ಗೊತ್ತಿರಲಾರದು.

ಕೊನೆಗೆ ಶಾಲೆಗೆ ವಾಪಸ್ಸು ಬಂದು, ಪಕ್ಕದಲ್ಲೇ ಇದ್ದಾರಲ್ಲ ಅಂತ ಆಯಮ್ಮನನ್ನು ಮಾತ್ರ ಎದುರೆದುರೇ ಕೇಳಿದೆ. ನಿಮ್ಮ ಮಾತೃಭಾಷೆ ಯಾವುದು? ಅವರು ಅಕ್ಕಿ ಆರಿಸುತ್ತಿದ್ದ ಮೊರ ಕೆಳಗಿಟ್ಟರು.

"ಹೆತ್ತೋಳು ತಮಿಳು. ಅವ್ಳು ನಾನು ಕೂಸಿರುವಾಗ್ಲೇ ಹೋದ್ಲು. ಎತ್ಕೊಂಡು ಸಾಕಿದೋಳು ಪಕ್ಕದ ಮನೆ ತುಳು ಹೆಂಗ್ಸು. ಯಾರನ್ನ ಬರೀತೀರಿ ಮಾರಾಯ್ರೇ?"

ನಾನು ಪೆನ್ನಿಗೆ ಮುಚ್ಚಳ ಹಾಕಿದೆ. ಅವರು ಬಗ್ಗಿ ನನ್ನ ಹಾಳೆ ನೋಡಿದರು. ಓದು ಬಾರದವರಿಗೂ ಒಂದೇ ಪದ ಸಾಲಾಗಿ ಇಳಿದದ್ದು ಕಾಣುತ್ತದೆ. ಇದೇನು ಎಲ್ಲರದ್ದೂ ಒಂದೇ ಇದೆ, ಅವರನ್ನು ಕೇಳಿದಿರಾ ಅಂದರು. ಕೇಳಿದರೂ ಕನ್ನಡ ಅಂತಲೇ ಅನ್ನುತ್ತಾರೆ ಅಂದೆ. ಅದು ಸುಳ್ಳಲ್ಲ. ಕಾಗದ ಹಿಡಿದು ಬಂದವನಿಗೆ ಲೈನಿನ ಜನ ಕಾಗದದವನ ಭಾಷೆಯನ್ನೇ ಹೇಳುತ್ತಾರೆ. ಮನೆಯ ಮಾತು ಹೇಳಿಕೊಳ್ಳುವಂಥದ್ದು ಅಂತ ಅವರಿಗೆ ಅನ್ನಿಸುವುದೇ ಇಲ್ಲ.

ಆ ದಿನ ಭಾನುವಾರ, ಲೈನಿನವರೆಲ್ಲ ಮನೆಯಲ್ಲೇ ಇದ್ದರು. ಆಯಮ್ಮ ನನ್ನನ್ನು ಎಬ್ಬಿಸಿಕೊಂಡು ಲೈನಿಗೆ ಹೊರಟರು. ಮೊದಲನೇ ಬಾಗಿಲಲ್ಲಿ ನಿಂತು ತಮಿಳಿನಲ್ಲಿ ಏನೋ ಕೂಗಿದರು. ಎರಡನೆಯದರಲ್ಲಿ ಲಂಬಾಣಿ. ಮೂರನೆಯದರಲ್ಲಿ ತುಳು, ಅದೂ ನಗುವ ತುಳು. ಪ್ರತಿ ಬಾಗಿಲಲ್ಲೂ ಅವರ ದನಿಯೇ ಬೇರೆಯಾಗುತ್ತಿತ್ತು, ಕೈ ಆಡಿಸುವ ರೀತಿ ಬೇರೆಯಾಗುತ್ತಿತ್ತು. ಒಳಗಿನಿಂದ ಬರುವವರು ಕೈ ಒರೆಸಿಕೊಳ್ಳುತ್ತ ನಗುತ್ತ ಬರುತ್ತಿದ್ದರು. ಇಷ್ಟು ವರ್ಷ ನನ್ನೆದುರು ತಲೆ ತಗ್ಗಿಸಿ ಹೂಂ, ಹೂಂ ಅಂದಿದ್ದ ಜನ ಇವರೇನಾ ಅನ್ನಿಸಿತು. ಬಿ.ಎ. ಮಾಡಿದವನು ನಾನು, ಕನ್ನಡ ಬಿಟ್ಟರೆ ಇನ್ನೊಂದು ಭಾಷೆಯಲ್ಲಿ ಒಂದು ಲೋಟ ನೀರು ಕೇಳಲೂ ಬಾರದವನು, ಅವರ ಹಿಂದೆ ಚೀಲ ಹಿಡಿದುಕೊಂಡು ನಡೆದೆ. ಅಷ್ಟೂ ಹಾಳೆ ಹೊಸದಾಗಿ ಬರೆದೆ. ಅವರ ಹಾಳೆಯಲ್ಲಿ ಮಾತೃಭಾಷೆಗೆ ತಮಿಳು ಬರೆದು, ಇತರ ಭಾಷೆಗೆ ಎರಡೇ ಜಾಗ ಇದ್ದುದರಿಂದ ತುಳು, ಕನ್ನಡ ಬರೆದು, ಉಳಿದವನ್ನು ಬಿಟ್ಟೆ. ಆ ವರ್ಷ ಪಟ್ಟಿ ಕೊಡುವುದರಲ್ಲಿ ನಾನೇ ಕೊನೆಯವನಾದೆ.

ಆಮೇಲೆ ಇಂಗ್ಲಿಷಿನ ಕಾಲ ಬಂತು. ಪೇಟೆಯ ಕಾನ್ವೆಂಟಿನ ಹಳದಿ ವ್ಯಾನು ಎಸ್ಟೇಟಿನ ಗೇಟಿನವರೆಗೂ ಬರತೊಡಗಿತು. ಲೈನಿನವರಿಗೂ ಆಸೆ. ಒಂಬತ್ತನೇ ಕ್ಲಾಸಿನವರೆಗೆ ಓದಿದ್ದ ಒಬ್ಬ ತಾಯಿ ತನ್ನ ಮಗಳನ್ನು ಬಿಡಲು ಬಂದಾಗ ನಾಲ್ಕು ಮಾತನ್ನೂ ಇಂಗ್ಲಿಷಿನಲ್ಲೇ ಕೊಟ್ಟಳಂತೆ. ವಾಟರ್, ಹಂಗ್ರಿ, ಪೇಯ್ನ್, ಮಮ್ಮಿ ಕಮಿಂಗ್. ಆಯಮ್ಮ ನಗಲಿಲ್ಲ. ಸಣ್ಣವರಿದ್ದಾಗ ಎಸ್ಟೇಟಿನ ಸಾಹೇಬರ ಬಂಗಲೆಯಲ್ಲಿ ಮಗು ಆಡಿಸುವ ಕೆಲಸಕ್ಕಿದ್ದ ಅವರಿಗೆ ಇಂಗ್ಲಿಷು ಅಷ್ಟೇನೂ ಹೊಸದಲ್ಲ. ತುಟಿಯಲ್ಲಿ ಎರಡು ಸಲ ಆಡಿ, ಗಟ್ಟಿಯಾಗಿ ಒಪ್ಪಿಸಿದರು. ಆಮೇಲೆ, ನಿನ್ನೆ ಮಗು ಬಿದ್ದು ಮೊಣಕಾಲು ಕೆತ್ತಿಕೊಂಡಾಗ ನೀನೇನಂದೆ ಅಂತ ಕೇಳಿದರು. ಆ ತಾಯಿ ನಾಚಿಕೊಂಡು ತುಳುವಿನಲ್ಲಿ ಹೇಳಿದಳಂತೆ. ಎರಡನ್ನೂ ಇಟ್ಟುಕೊಂಡೆ ಮೇಷ್ಟ್ರೇ, ಒಂದು ನಾಳೆಗೆ, ಒಂದು ಇವತ್ತಿಗೆ ಅಂದಿದ್ದರು ನನ್ನ ಹತ್ತಿರ.

ಇಷ್ಟು ಗೊತ್ತಿದ್ದ ಆಯಮ್ಮನೂ ಒಂದು ಸಲ ಮೋಸಹೋದರು.

ಆ ಹೊತ್ತಿಗೆ ಕಾಫಿ ಹಣ್ಣು ಕೀಳುವುದಕ್ಕೆ ಜಾರ್ಖಂಡ್ ಕಡೆಯಿಂದ ಜನ ಬರತೊಡಗಿದ್ದರು. ಹಾಗೆ ಬಂದವರಲ್ಲಿ ಒಬ್ಬ ಗಂಡಸು ಐದು ವರ್ಷದ ಮಗಳನ್ನು ಎತ್ತಿಕೊಂಡು ಕೂಸಿನ ಮನೆಗೆ ಬಂದ. ಆಯಮ್ಮ ಲಂಬಾಣಿಗೆ ಅಷ್ಟಿಷ್ಟು ಹಿಂದಿ ಬೆರೆಸಿ ತಾಯಿ ಎಲ್ಲಿ ಅಂದರೆ ಊರಲ್ಲಿದ್ದಾಳೆ ಅಂದ. ಭಾಷೆ ಯಾವುದು ಅಂದರೆ ಹಿಂದಿ ಅಂದ. ನಾಲ್ಕು ಮಾತನ್ನೂ ಹಿಂದಿಯಲ್ಲಿ ಒಪ್ಪಿಸಿ, ಮೇಸ್ತ್ರಿ ಕರೆದನೆಂದು ಓಡಿದ. ತೋಟದಲ್ಲಿ ಕೆಲಸ ಹಂಚುವ ಮೇಸ್ತ್ರಿ ಆ ಜನರೊಂದಿಗೆ ಹರಕುಮುರುಕು ಹಿಂದಿಯನ್ನೇ ಆಡುತ್ತಿದ್ದ, ಆಯಮ್ಮ ಅನುಮಾನಪಡಲಿಲ್ಲ.

ಹುಡುಗಿ ಮಾತಾಡಲಿಲ್ಲ. ಒಂದು ವಾರ, ಎರಡು ವಾರ, ಒಂದು ತಿಂಗಳು. ಅಳಲೂ ಇಲ್ಲ. ಕೊಟ್ಟರೆ ಎರಡು ತುತ್ತು ತಿನ್ನುತ್ತಿತ್ತು, ಆಮೇಲೆ ಬಾಯಿ ಬಿಡುತ್ತಿರಲಿಲ್ಲ. ಕೈಕಾಲು ಕಡ್ಡಿಯಾಗತೊಡಗಿತು. ಅದೇ ಸಮಯಕ್ಕೆ ನಮ್ಮ ಶಾಲೆಯಲ್ಲಿ ಮಕ್ಕಳ ತಪಾಸಣೆಯ ಶಿಬಿರ ನಡೆಯಿತು. ಹೊರಗಿನಿಂದ ಬಂದ ಡಾಕ್ಟರು ಹುಡುಗಿಯ ಬೆನ್ನ ಹಿಂದೆ ಗಂಟೆ ಅಲ್ಲಾಡಿಸಿದರು. ಅದು ನೆಲ ನೋಡುತ್ತ ನಿಂತಿತ್ತು, ತಿರುಗಲಿಲ್ಲ. ಅವರು ನನ್ನ ಕಡೆ ತಿರುಗಿ ಇಂಗ್ಲಿಷಿನಲ್ಲಿ ಪಟಪಟನೆ ಏನೋ ಕೇಳಿದರು. ನನಗೆ ಚೈಲ್ಡ್ ಅನ್ನುವುದೊಂದು, ಹೋಮ್ ಅನ್ನುವುದೊಂದು ಸಿಕ್ಕಿತು. ಸುತ್ತ ಬೇರೆ ಶಾಲೆಗಳ ಮೇಷ್ಟ್ರುಗಳಿದ್ದರು. ಎಸ್ ಸಾರ್ ಅಂದೆ. ಇನ್ನೊಂದು ಕೇಳಿದರು. ಅದಕ್ಕೂ ಎಸ್ ಸಾರ್ ಅಂದೆ. ತೋರಿಸಿದ ಜಾಗದಲ್ಲಿ ಸಹಿ ಮಾಡಿದೆ. ನಾನು ಮಾಡಿದ್ದೇನೆ ಅಂತ, ಏನೆಂದು ಕೇಳದೆ ಹುಡುಗಿಯ ಅಪ್ಪನೂ ಹೆಬ್ಬೆಟ್ಟು ಒತ್ತಿದ.

ಸಂಜೆ ಮನೆಯಲ್ಲಿ ಡಿಕ್ಷನರಿ ಇಟ್ಟುಕೊಂಡು ನನ್ನ ಪ್ರತಿಯನ್ನು ಓದಿದೆ. ಹುಟ್ಟಿನಿಂದ ಕಿವುಡು, ಮನೆಯಲ್ಲೂ ಮಾತಿಲ್ಲವೆಂದು ಶಿಕ್ಷಕರು ದೃಢಪಡಿಸಿದ್ದಾರೆ ಅಂತ ಬರೆದಿತ್ತು. ಬಯಲುಸೀಮೆಯ ಒಂದು ಕಿವುಡ ಮಕ್ಕಳ ವಸತಿ ಶಾಲೆಗೆ ಸೇರಿಸುವುದು, ಮುಂದಿನ ವಾರ ಗುರುವಾರ ವ್ಯಾನು ಬರುತ್ತದೆ. ಆ ಹುಡುಗಿಯ ಮನೆಯೊಳಗೆ ನಾನು ಕಾಲಿಟ್ಟವನೇ ಅಲ್ಲ.

ಮರುದಿನ ಆಯಮ್ಮನಿಗೆ ಎಲ್ಲವನ್ನೂ ಹೇಳಿದೆ. ಇಂಗ್ಲಿಷ್ ಅರ್ಥವಾಗಲಿಲ್ಲವೆಂಬುದನ್ನೂ ಹೇಳಿದೆ. ಆ ಮಾತನ್ನು ಅದುವರೆಗೆ ಯಾರ ಹತ್ತಿರವೂ ಬಾಯಿಬಿಟ್ಟು ಹೇಳಿರಲಿಲ್ಲ. ಅವರು ಹೀಯಾಳಿಸಲಿಲ್ಲ. ಬಂಗಲೆಯಲ್ಲಿದ್ದಾಗ ತಾನೂ ಅರ್ಧಕ್ಕರ್ಧ ಎಸ್ಸಿನಲ್ಲೇ ಕಾಲ ಹಾಕಿದ್ದೆ ಅಂದರು. ಆಮೇಲೆ ಹುಡುಗಿಯನ್ನೇ ನೋಡುತ್ತ ಹೇಳಿದರು.

"ಕಿವಿ ಕೇಳ್ತದೆ ಮೇಷ್ಟ್ರೇ. ನಾನು ಪಾನಿ ಅಂದ್ರೆ ಈ ಕೂಸು ನನ್ನ ಮುಖ ನೋಡೋದಿಲ್ಲ, ಬಾಗಿಲು ನೋಡ್ತದೆ. ಮೇಸ್ತ್ರಿ ಬಂದ್ನಾ ಅಂತ. ಅವ್ನು ಕೊಟ್ಟಿದ್ದು ಕೆಲಸದ ಮಾತು, ಮನೇದಲ್ಲ. ಪರೀಕ್ಷೆ ಮಾಡ್ದೆ ಇಟ್ಕೊಂಡದ್ದು ನಂದೇ ತಪ್ಪು."

ಹಾಗಿದ್ದರೆ ಅವನನ್ನೇ ಕೇಳೋಣ ಅಂದೆ. ಕೇಳಿದರೆ ಮತ್ತೆ ಹಿಂದಿ ಅಂತಲೇ ಹೇಳುತ್ತಾನೆ ಅಂದರು. ಭಾನುವಾರದವರೆಗೆ ಕಾದು, ಕರಿ ಹಿಡಿದ ಒಂದು ಪಾತ್ರೆ ತೆಗೆದುಕೊಂಡು ಲೈನಿನ ಹಿಂದಿನ ನಲ್ಲಿಯ ಹತ್ತಿರ ಹೋಗಿ ಬೆಳಿಗ್ಗೆಯಿಂದ ಉಜ್ಜುತ್ತ ಕೂತರು. ಆ ದಿನ ರಜೆ, ಮಕ್ಕಳಿಗೆ ಸ್ನಾನ. "ಕೂಸು ಮೀಸೋವಾಗ ಯಾರೂ ಪೇಟೆ ಮಾತಾಡೋದಿಲ್ಲ" ಅನ್ನುವುದು ಅವರ ನಂಬಿಕೆ. ಹತ್ತು ಗಂಟೆಗೆ ಆ ಅಪ್ಪ ಮಗಳನ್ನು ಕರೆತಂದು ಕಲ್ಲಿನ ಮೇಲೆ ನಿಲ್ಲಿಸಿ ನೀರು ಹಾಕಿದ. ಮಗಳ ಕಣ್ಣಿಗೆ ಸೋಪು ಹೋದಾಗ ಬಾಯಲ್ಲಿ ಏನೋ ಅಂದ. ಅದು ಹಿಂದಿಯಾಗಿರಲಿಲ್ಲ. ಅದಕ್ಕೆ ಮುಂಡಾರಿ ಅನ್ನುತ್ತಾರೆಂದು ನನಗೆ ಆಮೇಲೆ ಗೊತ್ತಾಯಿತು.

ಆಯಮ್ಮ ಪಾತ್ರೆ ಕೆಳಗಿಟ್ಟು, ಅವನು ಅಂದದ್ದನ್ನೇ ಅವನಿಗೆ ತಿರುಗಿ ಹೇಳಿದರು. ಅವನು ಕಳ್ಳತನ ಸಿಕ್ಕಿಬಿದ್ದವನ ಹಾಗೆ ನಿಂತನಂತೆ. ಅದೊಂದು ಭಾಷೆಯೇ ಅಲ್ಲಮ್ಮ, ಕಾಡಿನ ಮಾತು ಅಂದನಂತೆ. ಇವರು ಬಿಡಲಿಲ್ಲ. ನೀರು, ಹಸಿವು, ನೋವು, ಮೂರನ್ನೂ ಕೊಟ್ಟ. ನಾಲ್ಕನೆಯದು ಕೇಳಿದಾಗ ಬಾಯಿ ಕಟ್ಟಿತು. ಹಿಂದಿಯಲ್ಲಿ ಸರಾಗವಾಗಿ ಒಪ್ಪಿಸಿದ್ದ ಅದೇ ಮಾತು. ಕೊನೆಗೆ ನಿಜ ಹೇಳಿದ. ಹೆಂಡತಿ ಜ್ವರದಲ್ಲಿ ಸತ್ತು ವರ್ಷವಾಗುತ್ತ ಬಂದಿದೆ. ಮಗಳಿಗೆ ಹೇಳಿಲ್ಲ. ಅವ್ವ ಹಿಂದೆ ಬರುವ ರೈಲಿಗೆ ಬರುತ್ತಾಳೆ ಅಂತ ಹೇಳಿಕೊಂಡೇ ಇಲ್ಲಿಯವರೆಗೆ ಕರೆತಂದಿದ್ದಾನೆ.

ಆಯಮ್ಮ ಮೂರೇ ಮಾತು ತೆಗೆದುಕೊಂಡು ವಾಪಸ್ಸು ಬಂದರು. ಸೋಮವಾರ ನೀರಿಗೆ ಅವರ ಪದ ಆಡಿದಾಗ ಹುಡುಗಿ ಮೊದಲ ಸಲ ಇವರ ಮುಖ ನೋಡಿತಂತೆ. ಮಂಗಳವಾರ ಒಂದು ಲೋಟ ಗಂಜಿ ಪೂರ್ತಿ ಕುಡಿಯಿತು. ಬುಧವಾರ ಸೆರಗು ಹಿಡಿದುಕೊಂಡು ಓಡಾಡಿತು. ಮಾತು ಮಾತ್ರ ಇಲ್ಲ. ವ್ಯಾನಿನವರಿಗೆ ನಾನು ಏನಂತ ಹೇಳಲಿ, ಡಾಕ್ಟರ ಕಾಗದದೆದುರು ನನ್ನ ಮಾತಿಗೆ ಯಾವ ಬೆಲೆ? ಅವರು ಕರೆದೊಯ್ದರೆ ಆ ಮೂರು ಪದವೂ ಗೊತ್ತಿಲ್ಲದ ಜಾಗದಲ್ಲಿ ಅದು ಜೀವಮಾನವಿಡೀ ಕಿವುಡಿಯಾಗಿ ಬದುಕಬೇಕು. ಎರಡು ಸಲ ಎಸ್ ಅಂದದ್ದಕ್ಕೆ.

ಗುರುವಾರ ಮಧ್ಯಾಹ್ನ ಪಾಠದ ನಡುವೆ ಆಯಮ್ಮ ಬಾಗಿಲಲ್ಲಿ ಬಂದು ನಿಂತರು. ಹಾಗೆ ಅವರು ಎಂದೂ ಬಂದವರಲ್ಲ. ಹುಡುಗಿ ಅವರ ಕಿವಿಯಲ್ಲಿ ಏನೋ ಕೇಳಿತಂತೆ, ಬಹಳ ಮೆಲ್ಲಗೆ. ಏನು ಅಂದೆ. ಪದ ಗೊತ್ತಿಲ್ಲ, ಕೇಳಿದ್ದೇನು ಅಂತ ಗೊತ್ತು ಅಂದರು. ಇಬ್ಬರೂ ಕಣಕ್ಕೆ ಹೋದೆವು. ಸಿಪ್ಪೆ ಬಿಡಿಸಿ ತೊಳೆದ ಪಾರ್ಚ್‌ಮೆಂಟ್ ಕಾಫಿ ಒಣಗಲು ಹರಡಿತ್ತು. ಹುಡುಗಿಯ ಅಪ್ಪ ಉದ್ದ ಹಿಡಿಯ ಹಲ್ಲಿನ ಹಲುಬೆ ಹಿಡಿದು ಬೀಜ ಎಳೆಯುತ್ತಿದ್ದ.

ಆಯಮ್ಮ ಅವನ ಎದುರು ನಿಂತು, ಅವ್ವ ಇನ್ನು ಬರೋದಿಲ್ಲ ಅನ್ನುವುದಕ್ಕೆ ನಿಮ್ಮಲ್ಲಿ ಏನಂತೀರಿ ಅಂತ ಕೇಳಿದರು. ಅವನು ತಲೆ ಅಲ್ಲಾಡಿಸಿದ. ತನ್ನಿಂದ ಆಗುವುದಿಲ್ಲ ಅಂದ. ನೀನು ಅವಳಿಗೆ ಹೇಳಬೇಡ, ನನಗೆ ಹೇಳು ಸಾಕು ಅಂದರು. ಅವನು ಹಲುಬೆಯ ಹಿಡಿಯ ಮೇಲೆ ಹಣೆ ಇಟ್ಟುಕೊಂಡು ಹೇಳಿದ. ಇವರು ಅವನ ಬಾಯಿ ನೋಡುತ್ತ ತುಟಿಯಲ್ಲಿ ಆಡಿದರು. ಎರಡು ಸಲ. ಗಟ್ಟಿಯಾಗಿ ಒಪ್ಪಿಸಿದರು. ಅವನು ಒಂದು ಕಡೆ ತಿದ್ದಿದ. ಮತ್ತೆ ಒಪ್ಪಿಸಿದರು. ನಾನು ಜೀವನದಲ್ಲಿ ದೊಡ್ಡ ದೊಡ್ಡ ವಿದ್ವಾಂಸರ ಭಾಷಣ ಕೇಳಿದ್ದೇನೆ. ಭಾಷೆ ಕಲಿಯುವುದೆಂದರೆ ಏನೆಂದು ನಾನು ಕಂಡದ್ದು ಆ ಕಣದಲ್ಲಿ, ಆ ಮಧ್ಯಾಹ್ನದ ಬಿಸಿಲಿನಲ್ಲಿ.

ನಾವು ತಿರುಗಿ ಬರುವಾಗ ವ್ಯಾನು ಬಂದು ನಿಂತಿತ್ತು. ಅದರಲ್ಲಿ ಬಂದ ಮೇಡಮ್ಮು ಫೈಲು ಹಿಡಿದು ನನ್ನ ಕಡೆ ಬಂದರು. ಆಯಮ್ಮ ಅವರನ್ನು ನೋಡಲೇ ಇಲ್ಲ. ನೇರ ಒಳಗೆ ಹೋಗಿ ಹುಡುಗಿಯನ್ನು ತೊಡೆಯ ಮೇಲೆ ಕೂರಿಸಿಕೊಂಡು, ಆ ಮಾತನ್ನು ಹೇಳಿದರು.

ಹುಡುಗಿ ಅವರ ತುಟಿಯನ್ನೇ ನೋಡಿತು. ಆಮೇಲೆ ಹುಡುಗಿ ಕೂಗಿತು. ಎರಡೂ ಮುಷ್ಟಿಯಿಂದ ಆಯಮ್ಮನ ಎದೆಗೆ ಗುದ್ದುತ್ತ, ಕೂದಲು ಹಿಡಿದು ಎಳೆಯುತ್ತ, ಅಷ್ಟು ತಿಂಗಳು ಕಟ್ಟಿಟ್ಟುಕೊಂಡಿದ್ದ ಮಾತನ್ನೆಲ್ಲ ಒಂದೇ ಉಸಿರಿಗೆ ಆಡತೊಡಗಿತು. ನನ್ನ ಶಾಲೆಯ ಮಕ್ಕಳು ಬಂದು ಬಾಗಿಲಲ್ಲಿ ಮುತ್ತಿಕೊಂಡರು. ಮೇಡಮ್ಮು ಫೈಲು ನೋಡಿದರು, ಹುಡುಗಿಯನ್ನು ನೋಡಿದರು, ನನ್ನನ್ನು ಇಂಗ್ಲಿಷಿನಲ್ಲಿ ಏನೋ ಕೇಳಿದರು. ನನಗೆ ಅರ್ಥವಾಗಲಿಲ್ಲ, ಕನ್ನಡದಲ್ಲಿ ಕೇಳಿ ಅಂದೆ. ಅವರಿಗೆ ಕನ್ನಡ ಚೆನ್ನಾಗಿಯೇ ಬರುತ್ತಿತ್ತು, ಫೈಲು ಮುಚ್ಚಿ ಕೇಳಿದರು.

"ಏನ್ ಹೇಳ್ತಿದೆ ಮಗು?"

ಎಲ್ಲರೂ ಆಯಮ್ಮನ ಕಡೆ ನೋಡಿದೆವು. ಗುದ್ದಿಸಿಕೊಳ್ಳುತ್ತ ಕೂತಿದ್ದ ಅವರ ಕಣ್ಣಿಂದ ನೀರು ಇಳಿಯುತ್ತಿತ್ತು. ಕೈ ಹುಡುಗಿಯ ಬೆನ್ನು ಸವರುತ್ತಲೇ ಇತ್ತು.

"ಎಂತದೋ ನಂಗೂ ಗೊತ್ತಿಲ್ಲಮ್ಮ" ಅಂದರು. "ನನ್ನ ಬೈತಾ ಇದೆ. ಬೈಲಿ."